ಹೇಗ್‌ಗೆ ಹೊರಡುವ ಮುನ್ನ

ಹೊನ್ನಾವರದ ಹುಡುಗಿಯೊಬ್ಬಳು ಕಳೆದ ತಿಂಗಳು ಮನೆಗೆ ಬಂದಿದ್ದಳು. ನನ್ನ ಹಳೆಯ ವಿದ್ಯಾರ್ಥಿನಿ. ಹುಬ್ಬಳ್ಳಿಯಲ್ಲಿ ಐದು ವರ್ಷದ ಕಾನೂನು ಪದವಿ ಮುಗಿಸಿ, ಕಾರವಾರದ ವಕೀಲರೊಬ್ಬರ ಕೈಕೆಳಗೆ ಜೂನಿಯರ್ ಆಗಿ ಒಂದು ವರ್ಷವಾಗಿದೆ. ಕಾಫಿ ಲೋಟ ಕೆಳಗಿಡುವ ಮೊದಲೇ ಲ್ಯಾಪ್‌ಟಾಪ್ ತೆರೆದು ಒಂದು ಎಕ್ಸೆಲ್ ಶೀಟ್ ತೋರಿಸಿದಳು. ಹತ್ತೊಂಬತ್ತು ವಿಶ್ವವಿದ್ಯಾಲಯಗಳ ಹೆಸರು. ಎದುರಿಗೆ ರ್‍ಯಾಂಕ್, ಶುಲ್ಕ, ಅರ್ಜಿಯ ಕೊನೆ ದಿನ, ಐಇಎಲ್‌ಟಿಎಸ್‌ನಲ್ಲಿ ಎಷ್ಟು ಬೇಕು ಅನ್ನುವ ಲೆಕ್ಕ. ಸಾಲದ್ದಕ್ಕೆ ಹಸಿರು, ಹಳದಿ, ಕೆಂಪು ಬಣ್ಣ.

"ಇಂಟರ್‌ನ್ಯಾಷನಲ್ ಲಾದಲ್ಲಿ ಎಲ್‌ಎಲ್‌ಎಂ ಮಾಡ್ಬೇಕು ಅಂತಿದೀನಿ ಸರ್. ಇದರಲ್ಲಿ ಯಾವುದು ಒಳ್ಳೇದು?"

"ಯಾವ ಇಂಟರ್‌ನ್ಯಾಷನಲ್ ಲಾ?" ಅಂದೆ.

"ಹಾಗಂದ್ರೆ ಸರ್?"

ಹತ್ತೊಂಬತ್ತು ಸಾಲಿನ ಆ ಪಟ್ಟಿಯಲ್ಲಿ ಇಲ್ಲದೇ ಇದ್ದ ಕಾಲಂ ಅದೊಂದೇ.

ಐಸಿಸಿ ಅಂದರೆ ನಮ್ಮಲ್ಲಿ ಬಹುತೇಕರಿಗೆ ಕ್ರಿಕೆಟ್. ಮಾನವ ಹಕ್ಕುಗಳ ಕೆಲಸ ಮಾಡುವವರಿಗೆ ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ. ಕಂಪನಿ ವಕೀಲರಿಗೆ ಪ್ಯಾರಿಸ್‌ನ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್. ಹೆಸರು ಒಂದೇ, ಒಂದಕ್ಕೊಂದು ನಂಟಿಲ್ಲ. ಅಂತರರಾಷ್ಟ್ರೀಯ ಕಾನೂನು ಎಂಬ ಮಾತಿನ ಪಾಡೂ ಹೀಗೇ. ಪಬ್ಲಿಕ್ ಇಂಟರ್‌ನ್ಯಾಷನಲ್ ಲಾ ದೇಶ ದೇಶಗಳ ನಡುವಿನದು: ಗಡಿ, ಯುದ್ಧ, ಒಡಂಬಡಿಕೆ, ರಾಯಭಾರಿ. ಪ್ರೈವೇಟ್ ಇಂಟರ್‌ನ್ಯಾಷನಲ್ ಲಾ ಅಂದರೆ ಮೈಸೂರಲ್ಲಿ ಮದುವೆಯಾದವರು ಟೊರಾಂಟೊದಲ್ಲಿ ವಿಚ್ಛೇದನ ಕೇಳಿದರೆ ಯಾವ ದೇಶದ ಕಾನೂನು ನಡೆಯಬೇಕು ಎಂಬ ತಗಾದೆ. ಕಂಪನಿಗಳ ಒಪ್ಪಂದದ ಕೆಲಸ ಕಲಿಯುವ ಆಸೆಯಿಂದ ಹೋಗಿ, ಮೊದಲನೆಯದಕ್ಕೆ ಸೇರಿಕೊಂಡು, ವರ್ಷವಿಡೀ ನರಮೇಧ ತಡೆ ಒಡಂಬಡಿಕೆ ಓದಿ ಬಂದವರನ್ನು ನಾನು ಬಲ್ಲೆ. ಓದು ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಕೆಲಸ ಮಾತ್ರ ಬೇರೆ ಕಡೆ ಇತ್ತು.

ಇದನ್ನು ಅವಳಿಗೆ ಬಿಡಿಸಿ ಹೇಳಲು ನಾನು ಹಿಡಿದದ್ದು ನಮ್ಮ ಬೆಂಗಳೂರಿನದೇ ಒಂದು ಕೇಸು.

2005ರ ಜನವರಿಯಲ್ಲಿ ಇಸ್ರೊದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್, ಇಲ್ಲಿನದೇ ಆದ ದೇವಾಸ್ ಮಲ್ಟಿಮೀಡಿಯಾ ಕಂಪನಿಗೆ ಎರಡು ಉಪಗ್ರಹಗಳ ಎಸ್-ಬ್ಯಾಂಡ್ ಸಾಮರ್ಥ್ಯವನ್ನು ಗುತ್ತಿಗೆ ಕೊಡಲು ಒಪ್ಪಿಕೊಂಡಿತು. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಂದ ರದ್ದು ಮಾಡಿತು. ಅಲ್ಲಿಂದ ಮುಂದೆ ಈ ಒಂದೇ ಜಗಳ ನಾಲ್ಕಾರು ದಾರಿ ಹಿಡಿಯಿತು. ದೇವಾಸ್ ಕಂಪನಿ ಪ್ಯಾರಿಸ್‌ನ ಆ ಚೇಂಬರ್‌ನ ನಿಯಮಗಳ ಪ್ರಕಾರ ಮಧ್ಯಸ್ಥಿಕೆಗೆ ಹೋಗಿ 2015ರಲ್ಲಿ 56.25 ಕೋಟಿ ಡಾಲರ್‌ನ ತೀರ್ಪು ಪಡೆಯಿತು. ದೇವಾಸ್‌ನಲ್ಲಿ ದುಡ್ಡು ಹಾಕಿದ್ದ ಮಾರಿಷಸ್‌ನ ಕಂಪನಿಗಳು ಭಾರತ-ಮಾರಿಷಸ್ ಹೂಡಿಕೆ ಒಪ್ಪಂದವನ್ನು ಮುಂದಿಟ್ಟು, ಹೇಗ್‌ನ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯದ ಆಶ್ರಯದಲ್ಲಿ ಭಾರತ ಸರ್ಕಾರದ ಮೇಲೇ ದಾವೆ ಹೂಡಿದವು. ಹಾಗೆಯೇ ದುಡ್ಡು ಹಾಕಿದ್ದ ಜರ್ಮನಿಯ ಡಾಯ್ಚೆ ಟೆಲಿಕಾಮ್, ಭಾರತ-ಜರ್ಮನಿ ಹೂಡಿಕೆ ಒಪ್ಪಂದದ ಆಧಾರದ ಮೇಲೆ ಜಿನಿವಾ ದಾರಿ ಹಿಡಿಯಿತು. ಗೆದ್ದ ದುಡ್ಡು ವಸೂಲಿ ಮಾಡಬೇಕಲ್ಲ, ಅದಕ್ಕೆ ಕೆನಡಾದ ಕ್ವಿಬೆಕ್‌ನಲ್ಲಿ ಏರ್ ಇಂಡಿಯಾ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಸೇರಬೇಕಿದ್ದ ಹಣಕ್ಕೆ ತಡೆ ತಂದರು. ಇತ್ತ ನಮ್ಮ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ, ಇಡೀ ವ್ಯವಹಾರವೇ ವಂಚನೆ, ದೇವಾಸ್ ಕಂಪನಿ ಮುಚ್ಚುವುದೇ ಸರಿ ಅಂದಿತು. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ, ಆಂಟ್ರಿಕ್ಸ್ ಅನ್ನು ಅಲ್ಲಿನ ಕೋರ್ಟಿಗೆ ಎಳೆಯಬಹುದೇ ಎಂಬ ಪ್ರಶ್ನೆಯ ಮೇಲೆ ತೀರ್ಪು ಕೊಟ್ಟಿತು.

ಯಾರದು ಸರಿ ಎಂಬ ಚರ್ಚೆ ಇಲ್ಲಿ ಬೇಡ. ನೋಡಬೇಕಾದ್ದು ಬೇರೆ. ಬೆಂಗಳೂರಲ್ಲಿ ಸಹಿಯಾದ ಒಂದು ಕಾಗದದೊಳಗೆ ವಾಣಿಜ್ಯ ಮಧ್ಯಸ್ಥಿಕೆ, ಹೂಡಿಕೆ ಕಾನೂನು, ಸರ್ಕಾರಗಳಿಗೆ ಹೊರದೇಶದ ಕೋರ್ಟುಗಳಲ್ಲಿ ಸಿಗುವ ವಿನಾಯಿತಿ, ಬಾಹ್ಯಾಕಾಶ ಕಾನೂನು ಎಲ್ಲ ಅಡಗಿ ಕೂತಿವೆ. ಇವುಗಳಲ್ಲಿ ಯಾವ ಎಳೆ ಓದುವಾಗ ನಿದ್ದೆ ಹಾರುತ್ತದೋ ಅದು ನಿಮ್ಮ ವಿಷಯ. "ಇದರ ಮೇಲೆ ಒಂದು ಪುಟ ಬರೆದು ಕಳಿಸು, ಆಮೇಲೆ ವಿಶ್ವವಿದ್ಯಾಲಯದ ಮಾತಾಡೋಣ" ಅಂದೆ.

ವಿಷಯ ಗೊತ್ತಾದರೆ ಊರು ತಾನಾಗಿಯೇ ಗೊತ್ತಾಗುತ್ತದೆ. ಉಪಗ್ರಹದ ಎಳೆ ಹಿಡಿದವರಿಗೆ ಮಾಂಟ್ರಿಯಲ್‌ನ ಮೆಕ್‌ಗಿಲ್ ಇಲ್ಲವೇ ನೆದರ್ಲೆಂಡ್ಸ್‌ನ ಲೈಡನ್. ವಿಮಾನ-ಬಾಹ್ಯಾಕಾಶ ಕಾನೂನಿಗೆಂದೇ ಸಂಸ್ಥೆ ಕಟ್ಟಿಕೊಂಡ ಹಳಬರು ಇವರು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕಚೇರಿ ಇರುವುದೂ ಮಾಂಟ್ರಿಯಲ್‌ನಲ್ಲೇ. ಮಧ್ಯಸ್ಥಿಕೆಗಾದರೆ ಲಂಡನ್ನಿನ ಕ್ವೀನ್ ಮೇರಿ, ಸ್ಟಾಕ್‌ಹೋಮ್, ಜಿನಿವಾ, ಹತ್ತಿರದಲ್ಲೇ ಬೇಕೆಂದರೆ ಸಿಂಗಪುರ. ಡಬ್ಲ್ಯುಟಿಒ ವ್ಯಾಪಾರದ ತಕರಾರುಗಳಿಗೆ ಸ್ವಿಟ್ಜರ್ಲೆಂಡ್‌ನ ಜಿನಿವಾ, ಬರ್ನ್. ಯುದ್ಧದ ನಿಯಮಗಳನ್ನು ಓದಬೇಕೆಂದರೆ ರೆಡ್‌ಕ್ರಾಸ್ ಹುಟ್ಟಿದ ಜಿನಿವಾ ಬಿಟ್ಟು ಬೇರೆ ಊರು ಯಾಕೆ? ಮಾನವ ಹಕ್ಕುಗಳಿಗೆ ಇಂಗ್ಲೆಂಡಿನ ಎಸೆಕ್ಸ್, ಸ್ವೀಡನ್ನಿನ ಲುಂಡ್. ಕೇಂಬ್ರಿಜ್, ಆಕ್ಸ್‌ಫರ್ಡ್ ಎಲ್ಲರ ಪಟ್ಟಿಯಲ್ಲೂ ಇರುತ್ತವೆ, ಇರಲಿ. ಆಕ್ಸ್‌ಫರ್ಡ್‌ನಲ್ಲಿ ನಮ್ಮವರು ಹೆಚ್ಚಾಗಿ ಸೇರುವ ಬಿಸಿಎಲ್ ಹೆಸರಿಗೆ ‘ಬ್ಯಾಚುಲರ್’, ನಡೆಸುವುದು ಸ್ನಾತಕೋತ್ತರ ಮಟ್ಟದಲ್ಲಿ. ಇದನ್ನು ಮಾವನ ಮನೆಯವರಿಗೆ ವಿವರಿಸಿ ಸುಸ್ತಾದ ಒಬ್ಬ ಗೆಳೆಯ ನನಗಿದ್ದಾನೆ.

ರ್‍ಯಾಂಕ್ ಬಗ್ಗೆ ಒಂದು ಮಾತು. ಎಲ್ಲರೂ ಜಪಿಸುವ ಕ್ಯೂಎಸ್ ಪಟ್ಟಿಯಲ್ಲಿ ನೂರಕ್ಕೆ 30 ಅಂಕ ಬರುವುದು ಪ್ರಾಧ್ಯಾಪಕರನ್ನು ಕೇಳಿ ಮಾಡುವ ಸಮೀಕ್ಷೆಯಿಂದ, ಅಂದರೆ ಹೆಸರಿನಿಂದ ಹೆಸರು. ನಿಮ್ಮ ವಿಷಯ ಅಲ್ಲಿ ಯಾರು ಪಾಠ ಮಾಡುತ್ತಾರೆ ಎಂಬುದು ಆ ಅಂಕಿಯೊಳಗೆ ಕಾಣುವುದಿಲ್ಲ. ಇನ್ನು ಆ ಪಟ್ಟಿಯ ಮೇಲ್ಸಾಲುಗಳಲ್ಲಿ ಹುಡುಕಿದರೂ ಸಿಗದ ಒಂದು ವಿಶ್ವವಿದ್ಯಾಲಯದ ಕತೆ ಕೇಳಿ. ಪೆಸಿಫಿಕ್ ಸಾಗರದ ಹನ್ನೆರಡು ಪುಟ್ಟ ದೇಶಗಳು ಸೇರಿ ನಡೆಸುವ ಯೂನಿವರ್ಸಿಟಿ ಆಫ್ ದ ಸೌತ್ ಪೆಸಿಫಿಕ್. ಅದರ ಕಾನೂನು ವಿಭಾಗ ಇರುವುದು ವನುವಾಟು ಎಂಬ ದ್ವೀಪದೇಶದಲ್ಲಿ. 2019ರಲ್ಲಿ ಅಲ್ಲಿನ 27 ವಿದ್ಯಾರ್ಥಿಗಳು, ಹವಾಮಾನ ಬದಲಾವಣೆಯ ವಿಚಾರದಲ್ಲಿ ದೇಶಗಳ ಹೊಣೆಯೇನು ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಿಬಿಡೋಣ ಅಂದರು. ಮೊದಲು ತಮ್ಮ ಸರ್ಕಾರಗಳ ಬೆನ್ನು ಬಿದ್ದರು. 2023ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆ ಪ್ರಶ್ನೆಯನ್ನು ತನ್ನದಾಗಿಸಿಕೊಂಡಿತು. 2024ರ ಡಿಸೆಂಬರ್‌ನಲ್ಲಿ ಎರಡು ವಾರ ನಡೆದ ವಿಚಾರಣೆಯಲ್ಲಿ 96 ದೇಶಗಳು ವಾದ ಮಾಡಿದವು. 2025ರ ಜುಲೈ 23ರಂದು ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. ಈ ಕಾಲದ ಬಹುದೊಡ್ಡ ಕೇಸು ಹುಟ್ಟಿದ್ದು ಹಾರ್ವರ್ಡ್‌ನಲ್ಲಲ್ಲ, ತಮ್ಮ ನೆಲವೇ ಮುಳುಗುವ ಭಯದಲ್ಲಿದ್ದ ಒಂದು ತರಗತಿಯಲ್ಲಿ.

ಹಾಗಂತ ಊರಿನ ಮಹಿಮೆ ಸುಳ್ಳಲ್ಲ. ಕೆಲವು ವರ್ಷಗಳ ಹಿಂದೆ ಒಂದು ವಿಚಾರ ಸಂಕಿರಣಕ್ಕೆ ಹೋದವನು ನೆದರ್ಲೆಂಡ್ಸ್‌ನ ಡೆಲ್ಫ್ಟ್ ಎಂಬ ಸಣ್ಣ ಊರಿನಿಂದ ಒಂದನೇ ನಂಬರಿನ ಟ್ರಾಮ್ ಹತ್ತಿದ್ದೆ. ಅಲ್ಲಿನ ಸಂತೆ ಚೌಕದಲ್ಲಿ ಹ್ಯೂಗೊ ಗ್ರೋಷಿಯಸ್‌ನ ಪ್ರತಿಮೆ ಇದೆ. 1583ರಲ್ಲಿ ಅದೇ ಊರಲ್ಲಿ ಹುಟ್ಟಿ, ಹನ್ನೊಂದನೇ ವಯಸ್ಸಿಗೆ ಲೈಡನ್ ವಿಶ್ವವಿದ್ಯಾಲಯ ಸೇರಿದ ಅಸಾಧ್ಯ ಹುಡುಗ. ಮುಂದೆ ರಾಜಕೀಯ ಜಗಳದಲ್ಲಿ ಜೀವಾವಧಿ ಸೆರೆವಾಸಕ್ಕೆ ಬಿದ್ದಾಗ, 1621ರಲ್ಲಿ ಹೆಂಡತಿಯ ಉಪಾಯದಿಂದ ಪುಸ್ತಕದ ಪೆಟ್ಟಿಗೆಯಲ್ಲಿ ಮಡಚಿಕೊಂಡು ಕೂತು ಕೋಟೆಯಿಂದ ತಪ್ಪಿಸಿಕೊಂಡವನು. ಸೆರೆಯಲ್ಲಿದ್ದವನಿಗೆ ಓದಲು ಪೆಟ್ಟಿಗೆಗಟ್ಟಲೆ ಪುಸ್ತಕ ಬರುತ್ತಿತ್ತು. ಪಹರೆಯವರು ಬರಬರುತ್ತಾ ಮುಚ್ಚಳ ತೆಗೆದು ನೋಡುವುದನ್ನೇ ಬಿಟ್ಟಿದ್ದರು. ಯುದ್ಧ ಮತ್ತು ಶಾಂತಿಯ ಕಾನೂನಿನ ಮೇಲೆ ಅವನು ಬರೆದ ದೊಡ್ಡ ಗ್ರಂಥ 1625ರಲ್ಲಿ ಬಂತು. ಟ್ರಾಮ್ ಅವನ ಪ್ರತಿಮೆಯ ಊರಿನಿಂದ ಹೊರಟು, ಹೇಗ್ ನಗರ ಹೊಕ್ಕು, ಪೀಸ್ ಪ್ಯಾಲೆಸ್‌ನ ಗೇಟಿನ ಮುಂದೆಯೇ ನಿಲ್ಲುತ್ತದೆ.

ಅಮೆರಿಕದ ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿ ಕೊಟ್ಟ 15 ಲಕ್ಷ ಡಾಲರ್‌ನಲ್ಲಿ ಕಟ್ಟಿ 1913ರಲ್ಲಿ ತೆರೆದ ಇಟ್ಟಿಗೆಯ ಅರಮನೆ ಅದು. ಮರುವರ್ಷವೇ ಮಹಾಯುದ್ಧ ಶುರುವಾಯಿತು ಅನ್ನುವುದು ಬೇರೆ ಮಾತು. ಒಳಗೆ ಅಂತರರಾಷ್ಟ್ರೀಯ ನ್ಯಾಯಾಲಯ, ಕಾಯಂ ಮಧ್ಯಸ್ಥಿಕೆ ನ್ಯಾಯಾಲಯ, ಪಕ್ಕದಲ್ಲೇ ಹೇಗ್ ಅಕಾಡೆಮಿ ಮತ್ತು ಗ್ರಂಥಾಲಯ. ಮೊದಲೇ ಹೆಸರು ಕೊಟ್ಟರೆ ವಿಚಾರಣೆ ನೋಡಲು ಯಾರು ಬೇಕಾದರೂ ಹೋಗಬಹುದು. ಕಪ್ಪು ನಿಲುವಂಗಿ, ಕುತ್ತಿಗೆಗೆ ಬಿಳಿ ಲೇಸು ಕಟ್ಟಿದ ನ್ಯಾಯಾಧೀಶರು ಸಾಲಾಗಿ ಬಂದು ಕೂರುತ್ತಾರೆ, ವಾದ ಇಂಗ್ಲಿಷ್‌ನಿಂದ ಫ್ರೆಂಚ್‌ಗೆ, ಫ್ರೆಂಚ್‌ನಿಂದ ಇಂಗ್ಲಿಷ್‌ಗೆ ಹೆಡ್‌ಫೋನ್‌ನಲ್ಲಿ ಹರಿಯುತ್ತದೆ. ನಮ್ಮ ಹೈಕೋರ್ಟಿನ ಗದ್ದಲ ಕಂಡವರಿಗೆ ಆ ನಿಶ್ಶಬ್ದ ಸ್ವಲ್ಪ ಬೋರೇ. ಕುಲಭೂಷಣ್ ಜಾಧವ್ ಪ್ರಕರಣದ ತೀರ್ಪನ್ನು 2019ರ ಜುಲೈ 17ರಂದು ಓದಿದ್ದು ಇಲ್ಲೇ. 1952ರಲ್ಲಿ ಈ ಪೀಠಕ್ಕೆ ಬಂದ ಮೊದಲ ಭಾರತೀಯ ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್, ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದವರು. ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡರು. ಲೈಡನ್‌ನಿಂದ ಇಲ್ಲಿಗೆ ರೈಲಿನಲ್ಲಿ ಕಾಲು ಗಂಟೆ. ಬೆಳಿಗ್ಗೆ ಪಾಠದಲ್ಲಿ ಓದಿದ್ದನ್ನು ಮಧ್ಯಾಹ್ನ ವಾದದಲ್ಲಿ ಕೇಳುವ ಭಾಗ್ಯಕ್ಕೆ ನಾನಾದರೆ ದುಡ್ಡು ಕೊಡುತ್ತೇನೆ.

ಆದರೆ ಆ ಟ್ರಾಮ್‌ನಲ್ಲಿ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಗ್ರೋಷಿಯಸ್‌ನ ಇನ್ನೊಂದು ಪುಸ್ತಕ. 1609ರ ‘ಮಾರೆ ಲಿಬೆರಮ್’, ಕಡಲು ಯಾರಪ್ಪನ ಸ್ವತ್ತೂ ಅಲ್ಲ ಎಂದು ವಾದಿಸುವ ಪುಟ್ಟ ಹೊತ್ತಗೆ. ಯಾವ ಕಡಲು? ನಮ್ಮದೇ. ಹಿಂದೂ ಮಹಾಸಾಗರದ ಮೆಣಸಿನ ವ್ಯಾಪಾರ ತಮ್ಮೊಬ್ಬರದೇ ಎನ್ನುತ್ತಿದ್ದ ಪೋರ್ಚುಗೀಸರ ವಿರುದ್ಧ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಬರೆದ ವಕಾಲತ್ತು ಅದು. ಪೋರ್ಚುಗೀಸರ ಕಾರ್ಟಾಜ್ ಎಂಬ ಚೀಟಿ ಇಲ್ಲದೆ ಹಡಗು ಬಿಡುವ ಹಾಗಿರಲಿಲ್ಲ. ಹೊನ್ನಾವರದಲ್ಲೂ ಅವರ ಕೋಟೆಯಿತ್ತು. ಗ್ರೋಷಿಯಸ್‌ನ ಪುಸ್ತಕ ಬರುವ ಮೊದಲೇ ಗೇರುಸೊಪ್ಪೆಯ ಚೆನ್ನಭೈರಾದೇವಿ ಅವರೊಡನೆ ಸೆಣಸಿದ್ದಳು, ಕಾಳುಮೆಣಸಿನ ರಾಣಿ ಎಂದು ಅವರೇ ಕರೆದ ಹೆಂಗಸು. ಉಳ್ಳಾಲದಲ್ಲಿ ಅಬ್ಬಕ್ಕ ಕಪ್ಪ ಕೊಡಲ್ಲ ಅಂದಿದ್ದಳು. ಮುಕ್ತ ಕಡಲಿನ ವಾದವನ್ನು ಲ್ಯಾಟಿನ್‌ನಲ್ಲಿ ಬರೆದವನು ಅಂತರರಾಷ್ಟ್ರೀಯ ಕಾನೂನಿನ ಪಿತಾಮಹನಾದ. ಅದಕ್ಕಾಗಿ ಹೊಡೆದಾಡಿದವರು ನಮ್ಮ ಯಕ್ಷಗಾನಕ್ಕೆ, ನಾಟಕಕ್ಕೆ ಸಿಕ್ಕರು.

ಇದು ಬರೀ ಊರಭಿಮಾನದ ಮಾತಲ್ಲ, ವಿಶ್ವವಿದ್ಯಾಲಯ ಆರಿಸುವ ಮಾತೂ ಹೌದು. ಡಚ್ಚರು ಬರುವ ಮೊದಲೇ ಏಷ್ಯಾದ ಸಮುದ್ರಗಳಲ್ಲಿ ಮುಕ್ತ ಸಂಚಾರದ ಪದ್ಧತಿ ಇತ್ತು ಎಂದು ದೆಹಲಿಯ ಆರ್.ಪಿ. ಆನಂದ್ ಬರೆದರು. ವಸಾಹತುಶಾಹಿ ಇಲ್ಲದೆ ಈ ಕಾನೂನೇ ಹುಟ್ಟುತ್ತಿರಲಿಲ್ಲ ಎಂದು ಶ್ರೀಲಂಕಾ ಮೂಲದ ಆಂಟನಿ ಆಂಘೀ ವಾದಿಸಿದರು. ಬಿ.ಎಸ್. ಚಿಮ್ನಿ ಅಂಥವರು ಸೇರಿ ಇದನ್ನೊಂದು ಪಂಥವನ್ನಾಗಿ ಬೆಳೆಸಿದ್ದಾರೆ. ಟ್ವೇಲ್ ಎಂದು ಅದರ ಹೆಸರು, ಮೂರನೇ ಜಗತ್ತಿನ ಕಣ್ಣಿನಿಂದ ಅಂತರರಾಷ್ಟ್ರೀಯ ಕಾನೂನು. ಕೆಲವು ವಿಭಾಗಗಳಲ್ಲಿ ಇದು ಸೆಮಿಸ್ಟರ್ ತುಂಬ ಇರುತ್ತದೆ. ಕೆಲವು ಕಡೆ ಕೊನೆಯ ವಾರದ ಒಂದು ಗಂಟೆ. ನೀವು ಅಲ್ಲಿ ಹೋಗಿ ಕೇಳಬೇಕೆಂದಿರುವ ಪ್ರಶ್ನೆಗೆ ಜಾಗ ಇದೆಯೇ ಎಂಬುದು ಓದಬೇಕಾದ ಪುಸ್ತಕಗಳ ಪಟ್ಟಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಪಟ್ಟಿ ನೋಡುವ ಈ ಕೆಲಸವನ್ನೇ ನಮ್ಮ ಮಕ್ಕಳು ಮಾಡುವುದಿಲ್ಲ. ಮೊದಲ ಪುಟದ ಹುಲ್ಲುಹಾಸು, ನಗುವ ಹುಡುಗ ಹುಡುಗಿಯರ ಚಿತ್ರ ದಾಟಿ ಒಳಗೆ ಹೋದರೆ ಪ್ರತಿ ಕೋರ್ಸಿಗೂ ಒಂದು ಕೈಪಿಡಿ ಸಿಗುತ್ತದೆ. ಯಾವ ವಿಷಯ ಕಡ್ಡಾಯ, ಯಾವುದು ಐಚ್ಛಿಕ, ಐಚ್ಛಿಕಗಳಲ್ಲಿ ಯಾವುದು ಈ ವರ್ಷ ನಡೆಯುವುದಿಲ್ಲ ಎಂಬುದೆಲ್ಲ ಅದರಲ್ಲಿ ಸಣ್ಣಕ್ಷರದಲ್ಲಿರುತ್ತದೆ. ನನ್ನ ಅಕ್ಕನ ಮಗ ವ್ಯಾಪಾರ ಕಾನೂನು ಓದಬೇಕೆಂದು ಹೋದ. ಅವನು ಹೋದ ವರ್ಷವೇ ಆ ಪಾಠದ ಪ್ರಾಧ್ಯಾಪಕರು ರಜೆಯಲ್ಲಿದ್ದರು, ವಿಷಯವೇ ಇರಲಿಲ್ಲ. ಅವನನ್ನು ಅಲ್ಲಿಗೆ ಕಳಿಸಿದ್ದು ಬೆಂಗಳೂರಿನ ಒಂದು ಏಜೆನ್ಸಿ. ಸಲಹೆ ಉಚಿತ ಅಂದಿದ್ದರು. ಉಚಿತ ಹೇಗಾಗುತ್ತದೆಂದರೆ, ಇಂಥವರಿಗೆ ಸೇರಿದ ತಲೆಗಿಷ್ಟು ಎಂದು ಆ ಕಡೆಯಿಂದ ಕಮಿಷನ್ ಬರುತ್ತದೆ. ಕಮಿಷನ್ ಕೊಡದ ವಿಶ್ವವಿದ್ಯಾಲಯದ ಹೆಸರು ಅವರ ಬಾಯಲ್ಲಿ ಬರಲೇ ಇಲ್ಲ. ಅದಕ್ಕೇ ಹೇಳುವುದು, ನಿಮಗೆ ಪಾಠ ಮಾಡಬೇಕಾದವರಿಗೆ ನೇರ ಒಂದು ಇಮೇಲ್ ಹಾಕಿ, ಬರುವ ವರ್ಷ ಇರುತ್ತೀರಾ ಎಂದು ಕೇಳಿ. ಹೆಚ್ಚಿನವರು ಉತ್ತರ ಕೊಡುತ್ತಾರೆ.

ಇನ್ನೊಂದು ಒಳಗುಟ್ಟು. ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರ ಜೊತೆ ಸುಮಾರು ಒಂದು ವರ್ಷ ಕೆಲಸ ಮಾಡುವ ಫೆಲೋಶಿಪ್ ಇದೆ. ಅದಕ್ಕೆ ನಾವು ನೀವು ಅರ್ಜಿ ಹಾಕುವಂತಿಲ್ಲ. ವಿಶ್ವವಿದ್ಯಾಲಯವೇ ಹೆಸರು ಸೂಚಿಸಬೇಕು, ಮಾಮೂಲಾಗಿ ಖರ್ಚೂ ಅದರದ್ದೇ. ಬಡ ದೇಶಗಳ ವಿಶ್ವವಿದ್ಯಾಲಯಗಳಿಗೆ ಇದು ಕೈಗೆಟಕದೆಂದು ವಿಶ್ವಸಂಸ್ಥೆ 2020ರ ಕೊನೆಯಲ್ಲಿ ಒಂದು ನಿಧಿ ಮಾಡಿತು. ನೀವು ಸೇರುವ ಕಡೆಯವರು ಇಂಥದ್ದಕ್ಕೆ ಹೆಸರು ಕಳಿಸುತ್ತಾರೆಯೇ ಎಂಬ ಒಂದು ಪ್ರಶ್ನೆ ಹತ್ತು ರ್‍ಯಾಂಕಿಗೆ ಸಮ.

ಈಗ ದುಡ್ಡು. ಹಾರ್ವರ್ಡ್, ಕೊಲಂಬಿಯಾ, ಎನ್‌ವೈಯು ಥರದ ಕಡೆ ಒಂದು ವರ್ಷದ ಎಲ್‌ಎಲ್‌ಎಂಗೆ ಬೋಧನಾ ಶುಲ್ಕವೇ 70 ಸಾವಿರ ಡಾಲರ್ ದಾಟುತ್ತದೆ. ಊಟ, ಬಾಡಿಗೆ ಬೇರೆ. ಆದರೆ ನಮ್ಮ ಎಲ್‌ಎಲ್‌ಬಿ ಮೇಲೆ ಅಲ್ಲಿನ ಎಲ್‌ಎಲ್‌ಎಂ ಇದ್ದರೆ, ಓದಿದ ವಿಷಯಗಳು ನಿಯಮಕ್ಕೆ ಹೊಂದಿದರೆ, ನ್ಯೂಯಾರ್ಕ್‌ನ ವಕೀಲಿ ಪರೀಕ್ಷೆ ಬರೆಯಬಹುದು. ಇಂಗ್ಲೆಂಡಿನ ಎಲ್‌ಎಲ್‌ಎಂನಿಂದ ಸಾಲಿಸಿಟರ್ ಆಗಲಾಗದು, ಅದಕ್ಕೆ ಎಸ್‌ಕ್ಯುಇ ಎಂಬ ಪ್ರತ್ಯೇಕ ಪರೀಕ್ಷೆ. ಓದಿನ ನಂತರ ಅಲ್ಲಿ ಎರಡು ವರ್ಷ ಉಳಿದುಕೊಳ್ಳಲು ಇದ್ದ ವೀಸಾ 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತಿದೆ. ನೆದರ್ಲೆಂಡ್ಸ್‌ನಲ್ಲಿ ಕೆಲಸ ಹುಡುಕಲು ಒಂದು ವರ್ಷ ಕೊಡುತ್ತಾರೆ; ಅಲ್ಲಿ ಕಷ್ಟ ವೀಸಾದ್ದಲ್ಲ, ಬಾಡಿಗೆ ಕೋಣೆಯದ್ದು. ಪ್ರವೇಶ ಸಿಕ್ಕ ದಿನವೇ ಕೋಣೆ ಹುಡುಕಲು ಶುರು ಮಾಡಬೇಕು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕವಿಲ್ಲ ಎಂಬ ಮಾತು ಬಹುಮಟ್ಟಿಗೆ ನಿಜ, ಆದರೆ ಇಂಗ್ಲಿಷ್‌ನಲ್ಲಿ ನಡೆಯುವ ವಿಶೇಷ ಎಲ್‌ಎಲ್‌ಎಂಗಳಿಗೆ ಹಲವೆಡೆ ಶುಲ್ಕವಿದೆ. ಜೊತೆಗೆ ವರ್ಷದ ಖರ್ಚಿಗೆಂದು 11,904 ಯೂರೊ ಮೊದಲೇ ಖಾತೆಯಲ್ಲಿ ಕಟ್ಟಿಡಬೇಕು.

ಚೀವ್ನಿಂಗ್ ವಿದ್ಯಾರ್ಥಿವೇತನ ಸಿಕ್ಕರೆ ಬ್ರಿಟನ್ನಿನಲ್ಲಿ ಪೂರ್ತಿ ಖರ್ಚು ಅವರದ್ದೇ, ಆದರೆ ಎರಡು ವರ್ಷದ ಕೆಲಸದ ಅನುಭವ ಬೇಕು, ಮುಗಿಸಿ ಎರಡು ವರ್ಷ ಊರಿಗೆ ಮರಳಿರಬೇಕು. ನಮ್ಮ ಹುಡುಗಿಗೆ ಆಗಿರುವುದು ಒಂದೇ ವರ್ಷ. ಸಾಲ ಮಾಡಿ ಈ ವರ್ಷವೇ ಓಡುವುದಕ್ಕಿಂತ ಇನ್ನೊಂದು ವರ್ಷ ಕಾರವಾರದಲ್ಲಿ ಕರಿಕೋಟು ಹಾಕುವುದೇ ಲಾಭ ಅಂದೆ, ಮುಖ ಸಪ್ಪೆ ಮಾಡಿಕೊಂಡಳು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಇದೆ. ಹಳ್ಳಿ ಕಡೆ ಇದರ ಹೆಸರೇ ತಲುಪಿಲ್ಲ.

ಮರಳಿ ಬಂದ ಮೇಲಿನ ಮಾತೂ ಇದೆ. ಇಲ್ಲಿ ವಕೀಲಿ ಮಾಡಲು ಹೊರಗಿನ ಎಲ್‌ಎಲ್‌ಎಂ ಬೇಕಿಲ್ಲ. ಪಾಠ ಮಾಡುವ ಆಸೆ ಇದ್ದವರು ಮಾತ್ರ ಎಚ್ಚರವಾಗಿರಬೇಕು. ಹೊರದೇಶದ ಒಂದು ವರ್ಷದ ಎಲ್‌ಎಲ್‌ಎಂ ಅನ್ನು ನಮ್ಮದಕ್ಕೆ ಸಮ ಎನ್ನಲು ಭಾರತೀಯ ವಕೀಲರ ಪರಿಷತ್ತು 2021ರ ಜನವರಿಯಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ಹೆಚ್ಚಿನ ಷರತ್ತು ಹಾಕಿತು. ಅದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಯುಜಿಸಿ 2025ರಲ್ಲಿ ವಿದೇಶಿ ಪದವಿಗಳ ಮಾನ್ಯತೆಗೆ ತನ್ನದೇ ನಿಯಮ ತಂದಿದೆ. ಸೇರುವ ಮೊದಲೇ ಈ ಎರಡನ್ನೂ ಓದಿಕೊಳ್ಳಿ, ಬಂದ ಮೇಲೆ ಅಲ್ಲ.

ವಿಷಯ ರುಚಿಸುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಲಕ್ಷಗಟ್ಟಲೆ ಸುರಿಯಬೇಕಿಲ್ಲ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನಿನ ದೃಶ್ಯ-ಶ್ರವ್ಯ ಗ್ರಂಥಾಲಯದಲ್ಲಿ ದೊಡ್ಡ ದೊಡ್ಡವರ ಉಪನ್ಯಾಸಗಳು ಪುಕ್ಕಟೆ ಇವೆ. ಹೇಗ್ ಅಕಾಡೆಮಿ ಬೇಸಿಗೆಯಲ್ಲಿ ಮೂರು ವಾರದ ಕೋರ್ಸ್ ನಡೆಸುತ್ತದೆ. ಇಲ್ಲೇ ದೆಹಲಿಯ ಜೆಎನ್‌ಯುನಲ್ಲಿ ಅಂತರರಾಷ್ಟ್ರೀಯ ಕಾನೂನಿಗೆಂದೇ ಕೇಂದ್ರವಿದೆ, ಸೌತ್ ಏಷ್ಯನ್ ಯೂನಿವರ್ಸಿಟಿ ಇದೆ. ಈ ಹೆಸರುಗಳನ್ನು ಹೇಳಿದರೆ ಹುಡುಗರು ನಾನೇನೋ ಅವರ ಪಾಸ್‌ಪೋರ್ಟ್ ಕಿತ್ತುಕೊಂಡಂತೆ ನೋಡುತ್ತಾರೆ.

ಹದಿನೈದು ದಿನ ಬಿಟ್ಟು ಅವಳ ಪುಟ ಬಂತು. ದೇವಾಸ್ ಬಗ್ಗೆ ಅರ್ಧ ಪುಟ, ಹೋಮ್‌ವರ್ಕ್ ಥರ. ಉಳಿದರ್ಧ ಕೇಳದೇ ಬರೆದದ್ದು: ಹೊನ್ನಾವರದ ಮೀನುಗಾರರು, ಹೊರರಾಜ್ಯದ ಟ್ರಾಲರ್‌ಗಳು, ತೀರದಿಂದ 12 ನಾಟಿಕಲ್ ಮೈಲಿ ದಾಟಿದ ಮೇಲೆ ಯಾರ ಮಾತು ನಡೆಯುತ್ತದೆ, 200 ದಾಟಿದರೆ ಯಾರದು, 1982ರ ಸಮುದ್ರ ಕಾನೂನು ಒಡಂಬಡಿಕೆ ಇದಕ್ಕೆಲ್ಲ ಏನು ಹೇಳುತ್ತದೆ ಅಂತ. ಅಕ್ಷರದೋಷ ಬೇಕಾದಷ್ಟು. ಆದರೆ ಈ ಅರ್ಧವನ್ನು ಬರೆಯುವಾಗ ಅವಳು ನಿದ್ದೆಗೆಟ್ಟಿದ್ದಾಳೆ ಎಂಬುದು ಕಾಣುತ್ತಿತ್ತು.

ಎಕ್ಸೆಲ್ ಶೀಟ್‌ನಲ್ಲಿ ಈಗ ಮೂರೇ ಸಾಲು. ಒಂದು ಮಾಲ್ಟಾ, ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆಯ ಕಾನೂನು ಶಾಲೆ ಅಲ್ಲಿದೆ. ಇನ್ನೊಂದು ಬ್ರಿಟನ್ನಿನದು, ಚೀವ್ನಿಂಗ್ ಆಸೆಗೆ ಇಟ್ಟುಕೊಂಡದ್ದು. ಮೂರನೆಯದು ನಾರ್ವೆಯ ಟ್ರೊಮ್ಸೊ. ಉತ್ತರ ಧ್ರುವವೃತ್ತದ ಆಚೆಗಿನ ಊರು, ಸಮುದ್ರ ಕಾನೂನಿಗೆಂದೇ ಎಲ್‌ಎಲ್‌ಎಂ ಇದೆ. 2023ರಿಂದ ನಮ್ಮಂಥ ದೇಶದವರಿಗೆ ಅಲ್ಲೂ ಶುಲ್ಕ ಶುರುವಾಗಿದೆ. ಅದರ ಎದುರಿಗೆ ಅವಳು ಹಚ್ಚಿದ್ದು ಹಸಿರು ಬಣ್ಣ. ಅಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ, ಮನೆಯಲ್ಲಿ ಗೊತ್ತಾ ಎಂದು ಫೋನಿನಲ್ಲಿ ಕೇಳಿದೆ.

"ಅಪ್ಪಂಗೆ ಹೇಳಿದೀನಿ ಸರ್. ಅಮ್ಮಂಗೆ ಇನ್ನೂ ಇಲ್ಲ."